ಏಳು ಬಾಟಲಿ, ನಾಲ್ಕು ಗಾಜಿನ ಟ್ಯೂಬು: ಎಪಿಐ ಮಾಸ್ಟರ್ ಟೆಸ್ಟ್ ಕಿಟ್ ಬಳಸಿ ನೋಡಿದ್ದು

ನಾಗರಬಾವಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಬ್ಲೌಸ್, ಫಾಲ್ಸ್, ಕುಚ್ಚು, ಮಕ್ಕಳ ಲಂಗ. ಬಾಗಿಲ ಪಕ್ಕದಲ್ಲೇ ಒಂದು ಫಿಶ್ ಟ್ಯಾಂಕ್ ಇದೆ. ತಾಯಂದಿರು ಅಳತೆ ಕೊಡುವಾಗ ಜೊತೆಗೆ ಬಂದ ಮಕ್ಕಳು ಕೂತಲ್ಲಿ ಕೂರುವುದಿಲ್ಲ. ಕತ್ತರಿ, ಸೂಜಿ, ಬಿಸಿ ಇಸ್ತ್ರಿಪೆಟ್ಟಿಗೆ ಇರುವ ಜಾಗ. ಮೀನು ನೋಡುತ್ತಾ ಕೂತರೆ ಹತ್ತು ನಿಮಿಷ ಅಲ್ಲಾಡುವುದಿಲ್ಲ. ಅದಕ್ಕೇ ಟ್ಯಾಂಕ್ ತಂದಿದ್ದು. ತಂದ ಮೇಲೆ ಮಕ್ಕಳಿಗಿಂತ ಜಾಸ್ತಿ ಹೊತ್ತು ನಾನೇ ಅದರ ಮುಂದೆ ನಿಲ್ಲುವ ಹಾಗಾಯಿತು.

ಆ ಟ್ಯಾಂಕಿನ ನೀರು ನೋಡಲು ನಾನು ಇಟ್ಟುಕೊಂಡಿರುವ ಕಿಟ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಹೆಸರು ಎಪಿಐ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್. ಒಂದು ಕಿಟ್ ಖಾಲಿ ಮಾಡಿ ಎರಡನೆಯದನ್ನು ಬಳಸುತ್ತಿದ್ದೇನೆ. ನನ್ನ ಕೈಯಿಂದ ನಾಲ್ಕು ಸಾವಿರದ ಆಸುಪಾಸು ಹೋಯಿತು. ಮೀನಿಗೆ ಕೊಟ್ಟಿದ್ದಕ್ಕಿಂತ ನೀರು ನೋಡುವ ಡಬ್ಬಿಗೆ ಕೊಟ್ಟಿದ್ದೇ ಜಾಸ್ತಿ ಅಂತ ಮನೆಯಲ್ಲಿ ಮಾತೂ ಬಂತು. ಆದರೆ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲು ಕಿಟ್ ತಗೊಳ್ಳಿ, ಆಮೇಲೆ ಮೀನು ತಗೊಳ್ಳಿ. ನಾನು ಉಲ್ಟಾ ಮಾಡಿದ್ದೆ.

2023ರ ದೀಪಾವಳಿ ಕಳೆದ ಮೇಲೆ ಟ್ಯಾಂಕ್ ಬಂತು. 3 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕಕ್ಕೆ 106 ಲೀಟರ್. ಮರಳು, ಕಲ್ಲು ಕಳೆದರೆ ನೀರು 90 ಲೀಟರ್ ಹಿಡಿಯುತ್ತದೆ. ಸೋಮವಾರ ನೀರು ತುಂಬಿಸಿದೆ. ಮಂಗಳವಾರ ಸಂಜೆ ನಾಲ್ಕು ಏಂಜಲ್ ಮರಿ, ಎಂಟು ನಿಯಾನ್ ಟೆಟ್ರಾ ತಂದು ಬಿಟ್ಟೆ. ಐದನೇ ದಿನ ಏಂಜಲ್‌ಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಕಿವಿರು ಕೆಂಪಗೆ ಆಗಿತ್ತು. ನೀರು ಮಾತ್ರ ಗಾಜಿನ ಹಾಗೆ ತಿಳಿ. ಮೀನು ಮಾರಿದ ಅಂಗಡಿಗೆ ಫೋನ್ ಮಾಡಿದೆ. "ನೀರು ಪೂರ್ತಿ ಚೇಂಜ್ ಮಾಡಿ ಮೇಡಂ, ಫಿಲ್ಟರ್ ಸ್ಪಂಜ್ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೀರಿ, ನೀಲಿ ಔಷಧಿ ಹಾಕಿ" ಅಂದರು. ಹೇಳಿದ ಹಾಗೇ ಮಾಡಿದೆ. ಹತ್ತನೇ ದಿನಕ್ಕೆ ಉಳಿದಿದ್ದು ಒಂದೇ ಟೆಟ್ರಾ. ಅಂಗಡಿಗೆ ಬಂದ ಒಂದು ಮಗು "ಆಂಟಿ, ಮೀನು ಎಲ್ಲಿ?" ಅಂತ ಕೇಳಿತು. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬರು ನನ್ನ ಗಿರಾಕಿ. ಬ್ಲೌಸ್ ಪೀಸ್ ಕೊಡಲು ಬಂದವರು ಟ್ಯಾಂಕ್ ನೋಡಿದರು. "ಅಕ್ಕಾ, ನೀರು ಟೆಸ್ಟ್ ಮಾಡಿದ್ರಾ?" ಅಂದರು. "ಇಷ್ಟು ತಿಳಿಯಾಗಿದೆಯಲ್ಲ ಮೇಡಂ" ಅಂದೆ. "ಅಮೋನಿಯಾಗೆ ಬಣ್ಣ ಇಲ್ಲ ಅಕ್ಕಾ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಣ್ಣವೇ ನನ್ನ ಕೆಲಸ. ಬಣ್ಣ ಇಲ್ಲದ್ದು ನನ್ನ ಕಣ್ಣಿಗೆ ಹೇಗೆ ಬೀಳಬೇಕು?

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಹೇಲು, ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮೀನಿನ ರಕ್ತ ಆಮ್ಲಜನಕ ಹೊರದ ಹಾಗೆ ಮಾಡಿಬಿಡುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಕಾಟ ಕಡಿಮೆ, ನೀರು ಬದಲಿಸಿದರೆ ಇಳಿಯುತ್ತದೆ. ಈ ಬ್ಯಾಕ್ಟೀರಿಯಾಗಳು ಇರುವುದು ಜಾಸ್ತಿ ಫಿಲ್ಟರ್ ಸ್ಪಂಜಿನಲ್ಲಿ, ಮರಳಿನಲ್ಲಿ. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ. ಬೆಳೆಯಲು ಒಂದು ತಿಂಗಳು, ಒಂದೂವರೆ ತಿಂಗಳು ಬೇಕು. ಹಳೇ ಟ್ಯಾಂಕಿನ ಸ್ಪಂಜ್ ಸಿಕ್ಕಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ ಬೇಗ ಆಗುತ್ತದೆ. ನಾನೋ, ಹುಟ್ಟುತ್ತಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದುಬಿಟ್ಟಿದ್ದೆ.

ಮೊದಲು ಅಗ್ಗದ ಪಟ್ಟಿಗಳನ್ನು ತಂದೆ. ನೀರಲ್ಲಿ ಅದ್ದಿ ತೆಗೆದರೆ ಬಣ್ಣ ಬರುವ ಕಾಗದದ ಪಟ್ಟಿ. ಅದರಲ್ಲಿ ಅಮೋನಿಯಾ ನೋಡುವ ಚೌಕವೇ ಇರಲಿಲ್ಲ. ಯಾವುದು ನನ್ನ ಮೀನು ಕೊಂದಿತೋ ಅದನ್ನೇ ಅಳೆಯುವುದಿಲ್ಲ. ತೇವಕ್ಕೆ ಉಳಿದ ಚೌಕಗಳೂ ಮಾಸಿದವು. ಆಮೇಲೆ ಈ ಕಿಟ್ ತರಿಸಿದೆ.

ಡಬ್ಬಿಯಲ್ಲಿ ಏಳು ಬಾಟಲಿ, ಮುಚ್ಚಳ ಇರುವ ನಾಲ್ಕು ಗಾಜಿನ ಟ್ಯೂಬು, ಒಂದು ಬಣ್ಣದ ಕಾರ್ಡು, ಒಂದು ಪುಸ್ತಿಕೆ ಇರುತ್ತವೆ. ಐದು ಪರೀಕ್ಷೆ: ಪಿಎಚ್ (ನೀರು ಹುಳಿ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಅನ್ನುವ ಅಳತೆ), ಜಾಸ್ತಿ ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್. ಪಿಎಚ್‌ಗೆ ಎರಡು ಬಾಟಲಿ ಯಾಕೆ ಅಂದರೆ ಒಂದು 6.0ರಿಂದ 7.6ರವರೆಗೆ, ಇನ್ನೊಂದು 7.4ರಿಂದ 8.8ರವರೆಗೆ. ಮೊದಲನೆಯದು ಪೂರ್ತಿ ನೀಲಿಗೆ ಹೋದರೆ ಎರಡನೆಯದರಲ್ಲಿ ನೋಡಬೇಕು. ಟ್ಯಾಂಕಿನಲ್ಲಿ ನಿಂತ ನಮ್ಮ ಬೋರ್ ನೀರಿಗೆ ಯಾವಾಗಲೂ ಎರಡನೆಯದೇ.

ಟ್ಯೂಬಿಗೆ ಗೆರೆ ಹಾಕಿದ್ದಾರೆ, 5 ಎಂಎಲ್. ಅಲ್ಲಿಯವರೆಗೆ ಟ್ಯಾಂಕಿನ ನೀರು ತುಂಬಬೇಕು. ಅಮೋನಿಯಾಗೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಅಲ್ಲಾಡಿಸಿ 5 ನಿಮಿಷ ಬಿಡಬೇಕು. ನೈಟ್ರೈಟ್‌ಗೆ 5 ಹನಿ, 5 ನಿಮಿಷ. ಪಿಎಚ್‌ಗೆ 3 ಹನಿ, ಜಾಸ್ತಿ ಪಿಎಚ್‌ಗೆ 5 ಹನಿ. ಹನಿ ಹಾಕುವಾಗ ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ಓರೆ ಹಿಡಿದರೆ ಒಂದು ಹನಿ ದಪ್ಪ, ಒಂದು ಹನಿ ಸಣ್ಣ ಬೀಳುತ್ತದೆ. ಟ್ಯೂಬಿನ ಬಾಯಿಗೆ ಬೆರಳು ಒತ್ತಿ ಅಲ್ಲಾಡಿಸಬಾರದು, ಮುಚ್ಚಳವನ್ನೇ ಹಾಕಬೇಕು. ಕೈಯಲ್ಲಿರುವ ಜಿಡ್ಡು, ಬೆವರಿಗೂ ಬಣ್ಣ ತಪ್ಪಬಹುದು. ದಿನವಿಡೀ ಮೆಷಿನ್ ಎಣ್ಣೆ ಮುಟ್ಟುವ ಕೈ ನನ್ನದು. ಕೈ ತೊಳೆದೇ ಶುರು ಮಾಡುತ್ತೇನೆ.

ಈಗ ಬಣ್ಣದ ಮಾತು. ಈ ಕಿಟ್ ತಗೊಂಡ ಬಹಳ ಜನ ಇಲ್ಲೇ ಬೇಜಾರಾಗುತ್ತಾರೆ. "ಎಲ್ಲಾ ಒಂದೇ ಥರ ಕಾಣುತ್ತೆ" ಅನ್ನುತ್ತಾರೆ. ಸೀರೆಗೆ ದಾರ ಹೊಂದಿಸುವ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಅಂಗಡಿ ಒಳಗಿನ ಎಲ್‌ಇಡಿ ಬೆಳಕಲ್ಲಿ ಸರಿಹೊಂದಿದ ದಾರ ಹೊರಗೆ ಬಿಸಿಲಿಗೆ ಹಿಡಿದರೆ ಬೇರೆ ಬಣ್ಣ. ಅದಕ್ಕೇ ನಾವು ಸೀರೆ ಹಿಡಿದು ಬಾಗಿಲಿಗೆ ಬರುತ್ತೇವೆ ಅಲ್ವಾ? ಟ್ಯೂಬನ್ನೂ ಹಾಗೇ ಬಾಗಿಲಿಗೆ ತರಬೇಕು. ನೇರ ಬಿಸಿಲು ಬೇಡ, ನೆರಳಿನ ಬೆಳಕು ಸಾಕು. ಕಾರ್ಡಿನಲ್ಲಿ ಬಣ್ಣದ ಪಕ್ಕ ಬಿಳಿ ಜಾಗ ಬಿಟ್ಟಿದ್ದಾರೆ. ಟ್ಯೂಬನ್ನು ಆ ಬಿಳಿಗೆ ತಾಗಿಸಿ ಹಿಡಿದು ನೋಡಬೇಕು. ಬೆಳಿಗ್ಗೆ ಹತ್ತೂವರೆಗೆ ನನ್ನ ಅಂಗಡಿ ಬಾಗಿಲಲ್ಲಿ ಬೆಳಕು ಚೆನ್ನಾಗಿರುತ್ತದೆ. ಪರೀಕ್ಷೆ ಆಗಲೇ.

ಅಮೋನಿಯಾ ಸೊನ್ನೆ ಇದ್ದರೆ ನಿಂಬೆಹಣ್ಣಿನ ಹಳದಿ. 0.25ಕ್ಕೆ (ಈ ಅಂಕಿಗಳೆಲ್ಲ ಪಿಪಿಎಂ, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ) ಅದರೊಳಗೆ ಒಂದು ಎಳೆ ಹಸಿರು ಸೇರುತ್ತದೆ. 1ಕ್ಕೆ ಎಳೇ ಬಾಳೆಲೆ. 4, 8 ಅಂದರೆ ಕಡು ಹಸಿರು. ಕಷ್ಟ ಇರುವುದು ಸೊನ್ನೆಗೂ 0.25ಕ್ಕೂ ನಡುವೆ. ಅಲ್ಲಿ ನಾನು ಒಂದು ಉಪಾಯ ಮಾಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಎರಡನೇ ಟ್ಯೂಬಿಗೆ ಅದನ್ನು ಹಾಕಿ ಅದಕ್ಕೂ ಅದೇ ಹನಿ ಹಾಕುತ್ತೇನೆ. ಅದು ಸೊನ್ನೆ. ಎರಡು ಟ್ಯೂಬ್ ಪಕ್ಕಪಕ್ಕ ಹಿಡಿದರೆ ಕಾರ್ಡಿನ ಹಂಗೇ ಬೇಡ. ದಾರಕ್ಕೆ ದಾರ ಹಿಡಿದು ನೋಡಿದ ಹಾಗೆ ತಕ್ಷಣ ಗೊತ್ತಾಗುತ್ತದೆ.

ನೈಟ್ರೈಟ್ ತುಂಬಾ ಸುಲಭ. ಸೊನ್ನೆಗೆ ತಿಳಿ ಆಕಾಶ ನೀಲಿ. ಇದ್ದರೆ ನೇರಳೆ. ಮಕ್ಕಳೂ ಹೇಳಿಬಿಡುತ್ತಾರೆ. ನೈಟ್ರೇಟ್ ಹಳದಿಯಿಂದ ಶುರುವಾಗಿ 10, 20ಕ್ಕೆ ಕನಕಾಂಬರ ಬಣ್ಣಕ್ಕೆ ಬರುತ್ತದೆ. 40ಕ್ಕೆ ಕುಂಕುಮ. 80 ಅಂದರೆ ಅದಕ್ಕಿಂತ ಕಡುಗೆಂಪು. 40ಕ್ಕೂ 80ಕ್ಕೂ ವ್ಯತ್ಯಾಸ ಹೇಳುವುದು ನನ್ನಂಥ ಕಣ್ಣಿಗೂ ಕಷ್ಟ. ಆಗ ಅರ್ಧ ಟ್ಯಾಂಕಿನ ನೀರು, ಅರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ನೋಡುತ್ತೇನೆ. ಬಂದ ಅಂಕಿಯನ್ನು ಎರಡು ಪಟ್ಟು ಮಾಡಿದರೆ ಆಯಿತು.

ನೈಟ್ರೇಟ್ ಪರೀಕ್ಷೆಯಲ್ಲೇ ಒಂದು ಎಚ್ಚರ ಬೇಕು. ಎರಡನೇ ಬಾಟಲಿಯಲ್ಲಿರುವುದು ತಳದಲ್ಲಿ ಕೂರುತ್ತದೆ. ಹನಿ ಹಾಕುವ ಮುಂಚೆ 30 ಸೆಕೆಂಡ್ ಜೋರಾಗಿ ಅಲ್ಲಾಡಿಸಬೇಕು. 10 ಹನಿ ಹಾಕಿದ ಮೇಲೆ ಟ್ಯೂಬನ್ನು ಇನ್ನೊಂದು ಪೂರ್ತಿ ನಿಮಿಷ ಅಲ್ಲಾಡಿಸಬೇಕು. ಆಮೇಲೆ 5 ನಿಮಿಷ ಕಾಯಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮೂವತ್ತು ಬ್ಲೌಸ್ ಬಾಕಿ ಇತ್ತು. ಗಡಿಬಿಡಿಯಲ್ಲಿ ಬಾಟಲಿ ಸುಮ್ನೆ ಎರಡು ಸಲ ಅಲ್ಲಾಡಿಸಿ ಹಾಕಿದೆ. 5 ಅಂತ ತೋರಿಸಿತು. ಹಿಂದಿನ ವಾರ 20 ಇತ್ತು, ನೀರನ್ನೂ ಬದಲಿಸಿರಲಿಲ್ಲ. ತಾನಾಗಿ ಹೇಗೆ ಇಳಿಯಿತು? ಮಾರನೇ ದಿನ ಗಡಿಯಾರ ನೋಡಿ ಅಲ್ಲಾಡಿಸಿ ಮತ್ತೆ ಮಾಡಿದೆ. 20ಕ್ಕಿಂತ ಮೇಲೇ ಇತ್ತು. ಅಂದಿನಿಂದ ಆ ಒಂದು ಪರೀಕ್ಷೆಗೆ ಫೋನಿನಲ್ಲಿ ಟೈಮರ್ ಇಡುತ್ತೇನೆ.

ಕಿಟ್ ಬಂದ ಮೇಲೆ ಮೊದಲು ಮಾಡಿದ ಕೆಲಸ, ಉಳಿದ ಆ ಒಂದು ಟೆಟ್ರಾವನ್ನು ಮೀನು ಸಾಕಿದ ಪರಿಚಯದವರ ಟ್ಯಾಂಕಿಗೆ ಕೊಟ್ಟೆ. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬಂದೆ. ಅದು ಕೊಳೆತು ಅಮೋನಿಯಾ ಬರಲಿ ಅಂತ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ. ಒಂಬತ್ತನೇ ದಿನ ಅಮೋನಿಯಾ 1. ಹದಿನೇಳನೇ ದಿನ ಅಮೋನಿಯಾ 2, ಟ್ಯೂಬಿನಲ್ಲಿ ಮೊದಲ ಸಲ ನೇರಳೆ. ಇಪ್ಪತ್ತಾರನೇ ದಿನ ಅಮೋನಿಯಾ 0.25ಕ್ಕೆ ಇಳಿಯಿತು, ನೈಟ್ರೈಟ್ 5ಕ್ಕೆ ಏರಿತು. ಬದನೆಕಾಯಿ ಬಣ್ಣ. ಅದು ಎರಡು ವಾರ ಹಾಗೇ ನಿಂತಿತು. ನಲವತ್ತೊಂದನೇ ದಿನ ಬೆಳಿಗ್ಗೆ ಬಾಗಿಲಿಗೆ ತಂದು ನೋಡಿದರೆ ಒಂದು ಟ್ಯೂಬು ಹಳದಿ, ಒಂದು ಟ್ಯೂಬು ಆಕಾಶ ನೀಲಿ. ಎರಡೂ ಸೊನ್ನೆ. ಮೆಷಿನ್ ಮುಂದೆ ಕೂತಿದ್ದ ನನ್ನ ಸಹಾಯಕಿಯನ್ನು ಎಬ್ಬಿಸಿ ಕರೆದು ತೋರಿಸಿದೆ.

ಆದರೆ ನೈಟ್ರೇಟ್ ಟ್ಯೂಬು ಕಡುಗೆಂಪು. 80. ಮೀನು ಬಿಡುವ ಮುಂಚೆ ನೀರು ಬದಲಿಸಿ ಇದನ್ನು ಇಳಿಸಬೇಕು. ಅರ್ಧ ನೀರು ತೆಗೆದು ಅರ್ಧ ಹೊಸದು ಹಾಕಿದೆ. ಕೆಂಪು. ಎರಡು ದಿನ ಬಿಟ್ಟು ಮತ್ತೆ ಅರ್ಧ ಬದಲಿಸಿದೆ. ಇನ್ನೂ ಕೆಂಪು. ಬಾಟಲಿ ಕೆಟ್ಟಿದೆ ಅಂತಲೇ ಅಂದುಕೊಂಡೆ. ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿದೆ. ಹಳದಿ ಬಂತು. ಬಾಟಲಿ ಸರಿ ಇದೆ. ಕೊನೆಗೆ, ಯಾಕೋ ಮನಸ್ಸಿಗೆ ಬಂದು, ಅಂಗಡಿ ನಲ್ಲಿಯಿಂದ ನೇರವಾಗಿ ಟ್ಯೂಬಿಗೆ ನೀರು ಹಿಡಿದು ಪರೀಕ್ಷೆ ಮಾಡಿದೆ. ಕುಂಕುಮ ಬಣ್ಣ. 40ಕ್ಕಿಂತ ಮೇಲೆ.

ನಲ್ಲಿ ನೀರಲ್ಲೇ ಇತ್ತು. ಒಂದು ಮೀನೂ ಬಿಡದ, ನೆಲದಿಂದ ಆಗ ತಾನೇ ಬಂದ ಬೋರ್ ನೀರು. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ನನ್ನ ನಲ್ಲಿ ಅದರ ಅಂಚಿನಲ್ಲಿತ್ತು. ಊರಿನ ಕೊಳಚೆ ಇಂಗಿ ಅಂತರ್ಜಲಕ್ಕೆ ಸೇರಿದರೆ ನೈಟ್ರೇಟ್ ಹೀಗೇ ಏರುತ್ತದೆ ಎಂದು ಆ ಲ್ಯಾಬಿನ ಮೇಡಂ ಹೇಳಿದರು. ನಾನು ಕೆಂಪು ನೀರು ತೆಗೆದು ಕೆಂಪು ನೀರನ್ನೇ ಸುರಿಯುತ್ತಿದ್ದೆ. ಇನ್ನು ಹತ್ತು ಸಲ ಬದಲಿಸಿದ್ದರೂ ಅದು 40ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಆ ದಿನದಿಂದ ಅಂಗಡಿಯಲ್ಲಿ ಕುಡಿಯಲು ಆ ನೀರು ಬಳಸುವುದನ್ನೂ ಬಿಟ್ಟೆ. ಕಾಯಿಸಿದರೆ ಸರಿಹೋಗುತ್ತದಲ್ಲ ಅಂತ ಸಹಾಯಕಿ ಕೇಳಿದಳು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ.

ಅದಕ್ಕೇ ಹೇಳುವುದು, ಕಿಟ್ ತಂದ ದಿನ ಟ್ಯಾಂಕ್ ನೀರು ನೋಡುವ ಮುಂಚೆ ನಲ್ಲಿ ನೀರು ನೋಡಿ. ನೋಡುವುದಾದರೆ ಎರಡು ಸಲ ನೋಡಿ. ಬೋರ್ ನೀರು ಹಿಡಿದ ತಕ್ಷಣ ಪಿಎಚ್ 7.2 ತೋರಿಸಿತು. ಅದೇ ನೀರನ್ನು ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ ಒಂದು ರಾತ್ರಿ ಬಿಟ್ಟು ನೋಡಿದರೆ 8.2. ನೆಲದೊಳಗಿನ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಅದು ಗಾಳಿಗೆ ಹೋದ ಮೇಲೆ ಪಿಎಚ್ ಏರುತ್ತದೆ. ಮೀನು ಬದುಕಬೇಕಾದದ್ದು ಆ 8.2ರಲ್ಲಿ. ಇದರಿಂದ ನನ್ನ ಮೊದಲ ಮೀನುಗಳು ಯಾಕೆ ಅಷ್ಟು ಬೇಗ ಹೋದವು ಎಂಬುದೂ ತಿಳಿಯಿತು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಪಿಎಚ್ 7 ಇದ್ದರೆ ವಿಷದ ರೂಪದಲ್ಲಿ ಇರುವುದು ನೂರಕ್ಕೆ 0.5 ಚಿಲ್ಲರೆ. ಪಿಎಚ್ 8 ಆದರೆ ಅದೇ ಬಿಸುಪಿನಲ್ಲಿ ನೂರಕ್ಕೆ 5ರ ಮೇಲೆ. ಕಿಟ್ ತೋರಿಸುವುದು ಎರಡನ್ನೂ ಸೇರಿಸಿದ ಮೊತ್ತ. ಹಾಗಾಗಿ ಅಮೋನಿಯಾ ಟ್ಯೂಬನ್ನು ಪಿಎಚ್ ಟ್ಯೂಬಿನ ಜೊತೆಗೇ ಇಟ್ಟು ಓದಬೇಕು. ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವ ಅಂಕಿ ಬೋರ್ ನೀರಿನಲ್ಲಿ ಕೊಲ್ಲಬಹುದು.

ಈ ಡಬ್ಬಿಯಲ್ಲಿ ಇಲ್ಲದ ಎರಡು ವಿಷಯ ಇವೆ. ಒಂದು, ನೀರಿನ ಗಡಸುತನ. ಜಿಎಚ್ (ನೀರಿನ ಒಟ್ಟು ಗಡಸುತನ) ಮತ್ತು ಕೆಎಚ್ (ಪಿಎಚ್ ಅನ್ನು ಅಲ್ಲಾಡದ ಹಾಗೆ ಹಿಡಿಯುವ ಕಾರ್ಬೊನೇಟ್) ಕಿಟ್ ಬೇರೆಯೇ ತಗೊಳ್ಳಬೇಕು. ನಾನು ಅದೇ ಕಂಪನಿಯದು ತಗೊಂಡೆ, ಎರಡು ಸಣ್ಣ ಬಾಟಲಿ. ಬೆಂಗಳೂರಿನಂಥ ಊರಿನಲ್ಲಿ ಇದು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಅದನ್ನು ಬಳಸುವುದು ನನಗೆ ಬಹಳ ಇಷ್ಟ. ಕಾರ್ಡೇ ಇಲ್ಲ, ಬಣ್ಣ ಹೋಲಿಸುವುದಿಲ್ಲ. ಒಂದೊಂದೇ ಹನಿ ಹಾಕಿ ಅಲ್ಲಾಡಿಸುತ್ತಾ ಹೋಗಬೇಕು. ಕೆಎಚ್ ನೀಲಿಯಿಂದ ಹಳದಿಗೆ ತಿರುಗುತ್ತದೆ, ಜಿಎಚ್ ಕಿತ್ತಳೆಯಿಂದ ಹಸಿರಿಗೆ. ಎಷ್ಟನೇ ಹನಿಗೆ ತಿರುಗಿತೋ ಅಷ್ಟು ಡಿಗ್ರಿ. ಒಂದು ಡಿಗ್ರಿ ಅಂದರೆ 17.9 ಪಿಪಿಎಂ. ನನ್ನ ಬೋರ್ ನೀರಿಗೆ ಜಿಎಚ್ 24 ಹನಿ ಬೇಕಾಯಿತು. ಎಣಿಸಿ ಎಣಿಸಿ ತಪ್ಪಿಹೋಗುತ್ತದೇನೋ ಅನ್ನಿಸಿತು. ಹೊಸಕೆರೆಹಳ್ಳಿಯ ನಮ್ಮ ಮನೆಯ ಕಾವೇರಿ ನೀರಿಗೆ 7 ಹನಿ. ಕೆಎಚ್ ನೋಡಿದರೆ ಬೋರ್ 15, ಕಾವೇರಿ 6. ನೈಟ್ರೇಟ್ ಟ್ಯೂಬು ಕಾವೇರಿಗೆ ಹಳದಿಯೇ. ಒಂದೇ ಊರು, ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ. ನೀರು ಮಾತ್ರ ಎರಡು ದೇಶದ್ದು.

ಕೆಎಚ್ ಬಗ್ಗೆ ಒಂದು ಮಾತು. ಪಿಎಚ್ ಇಳಿಸುವ ದ್ರಾವಣ ಅಂತ ಅಂಗಡಿಗಳಲ್ಲಿ ಕೊಡುತ್ತಾರೆ. ಕೆಎಚ್ 15 ಇರುವ ನೀರಿಗೆ ಅದನ್ನು ಹಾಕಿದರೆ ಸಂಜೆಗೆ ಇಳಿಯುತ್ತದೆ, ಬೆಳಿಗ್ಗೆಗೆ ಮತ್ತೆ ಮೇಲೆ. ಮೀನಿಗೆ ಆ ಏರಿಳಿತವೇ ಕಷ್ಟ. ಇನ್ನೊಂದು ಕಡೆ ಕೆಎಚ್ ತೀರಾ ಕಡಿಮೆಯಾದರೂ ಅಪಾಯ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಕೆಎಚ್ ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟರೆ ಒಂದು ದಿನ ಪಿಎಚ್ ದಢಕ್ಕನೆ ಕುಸಿಯುತ್ತದೆ. ಬರೀ ಆರ್‌ಒ ನೀರು ಹಾಕಿದರೂ ಇದೇ ತೊಂದರೆ, ಅದರಲ್ಲಿ ಕೆಎಚ್ ಇರುವುದೇ ಇಲ್ಲ ಅನ್ನಬಹುದು. ಆರ್‌ಒ ಮಿಷನ್ನಿನ ವೇಸ್ಟ್ ನೀರನ್ನು ಟ್ಯಾಂಕಿಗೆ ಸುರಿಯುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬೋರ್ ನೀರಿನ ಉಪ್ಪೆಲ್ಲ ಗಟ್ಟಿಯಾಗಿ ಅದರಲ್ಲೇ ಕೂತಿರುತ್ತದೆ.

ಎರಡನೆಯದು, ಕ್ಲೋರಿನ್. ಈ ಕಿಟ್ ಅದನ್ನು ತೋರಿಸುವುದಿಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು, ದಾರಿಯಲ್ಲಿ ಕೆಡಬಾರದು ಅಂತ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಒಳ್ಳೆಯದು. ಮೀನಿನ ಕಿವಿರನ್ನು ಸುಡುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನಾನು ಸಂಪು, ಈಜುಕೊಳದ ನೀರಿಗೆ ಬಳಸುವ ಕ್ಲೋರಿನ್ ಪರೀಕ್ಷೆಯ ಹನಿ ಬೇರೆ ಇಟ್ಟುಕೊಂಡಿದ್ದೇನೆ. ಹನಿ ಹಾಕಿದಾಗ ನೀರು ಹಳದಿಯಾದರೆ ಕ್ಲೋರಿನ್ ಇದೆ ಅಂತ. ಆಂಟಿ ಕ್ಲೋರಿನ್ ಹಾಕದೆ ನೀರು ಟ್ಯಾಂಕಿಗೆ ಹೋಗುವುದಿಲ್ಲ.

ಈಗ ವಾರಕ್ಕೊಂದು ದಿನ 20 ಲೀಟರಿನ ಕ್ಯಾನ್‌ನಲ್ಲಿ ಮನೆಯಿಂದ ಕಾವೇರಿ ನೀರು ತರುತ್ತೇನೆ. ಆಕ್ಟಿವಾದ ಮುಂದೆ ಕಾಲಿಡುವ ಜಾಗದಲ್ಲಿ ಕ್ಯಾನ್ ಸರಿಯಾಗಿ ಕೂರುತ್ತದೆ. ಶುರುವಿನಲ್ಲಿ ವಾರಕ್ಕೆ ಎರಡು ಕ್ಯಾನ್ ತಂದೆ. ಒಂದು ತಿಂಗಳಲ್ಲಿ ನೈಟ್ರೇಟ್ ಟ್ಯೂಬು ಕುಂಕುಮದಿಂದ ಕನಕಾಂಬರಕ್ಕೆ ಇಳಿಯಿತು. ಗಡಸುತನವೂ ನಿಧಾನವಾಗಿ ಇಳಿಯಿತು. ಆಮೇಲೇ ಮೀನು ತಂದೆ, ಅದೂ ನಾಲ್ಕು ನಾಲ್ಕೇ. ಪ್ಲಾಟಿ, ಆಮೇಲೆ ಕೋರಿಡೋರಾಸ್, ಕೊನೆಗೆ ಎರಡು ಏಂಜಲ್. ಬೋರ್ ನೀರನ್ನೇ ಬಳಸುವವರಾದರೆ ಮಾಲಿ, ಪ್ಲಾಟಿ, ಗಪ್ಪಿ ಸಾಕಿ. ಗಡಸು ನೀರು ಅವಕ್ಕೆ ಒಗ್ಗುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ ಮೆದು ನೀರಿನ ಮೀನು. ಅದನ್ನು ತಂದು 24 ಹನಿಯ ನೀರಿಗೆ ಬಿಡುವುದು ಅನ್ಯಾಯ.

2024ರ ಬೇಸಿಗೆಯಲ್ಲಿ ಈ ಕಿಟ್ ನನಗೆ ಮಾಡಿದ ಉಪಕಾರ ಮರೆಯುವ ಹಾಗಿಲ್ಲ. ಮಾರ್ಚ್‌ನಲ್ಲಿ ಬಿಲ್ಡಿಂಗಿನ ಬೋರ್ ಬತ್ತಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ತಿಂಗಳು ಅದು. ಸಂಪಿಗೆ ಟ್ಯಾಂಕರ್ ನೀರು ಬರುತ್ತಿತ್ತು. ಎರಡು ಟ್ಯಾಂಕರ್ ನೀರು ಪರೀಕ್ಷೆ ಮಾಡಿದೆ. ಒಂದು 19 ಹನಿ, ಇನ್ನೊಂದು 27 ಹನಿ. ಅದನ್ನು ಮೀನಿಗೆ ಹಾಕುವ ಧೈರ್ಯ ಬರಲಿಲ್ಲ. ಮನೆಯಲ್ಲೂ ನೀರು ಸಣ್ಣಗೆ ಬರುತ್ತಿದ್ದಾಗ 20 ಲೀಟರ್ ಹೊತ್ತು ತಂದು ಮೀನಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಆಹಾರ ಅರ್ಧ ಮಾಡಿದೆ. ನೀರು ಬದಲಿಸುವುದನ್ನು ನಿಲ್ಲಿಸಿದೆ. ಮೂರು ದಿನಕ್ಕೊಮ್ಮೆ ಟ್ಯೂಬು ಹಿಡಿದು ಬಾಗಿಲಿಗೆ ಬಂದೆ. ಅಮೋನಿಯಾ ಹಳದಿ, ನೈಟ್ರೈಟ್ ನೀಲಿ, ನೈಟ್ರೇಟ್ 20ರಿಂದ 40ರ ಕಡೆಗೆ ನಿಧಾನವಾಗಿ ಏರುತ್ತಿತ್ತು. ಇನ್ನೂ ಒಂದು ವಾರ ತಡೆಯಬಹುದು, ಇನ್ನೂ ಒಂದು ವಾರ ತಡೆಯಬಹುದು ಅಂತ ಲೆಕ್ಕ ಹಾಕಿಕೊಂಡು ನಾಲ್ಕು ವಾರ ದೂಡಿದೆ. ಒಂದು ಮೀನೂ ಸಾಯಲಿಲ್ಲ. ಕಿಟ್ ಇಲ್ಲದಿದ್ದರೆ ಭಯಕ್ಕೇ ಟ್ಯಾಂಕರ್ ನೀರು ಸುರಿದುಬಿಡುತ್ತಿದ್ದೆ.

ಕೊಳ್ಳುವವರಿಗೆ ಕೆಲವು ಮಾತು. ಬಾಟಲಿ ಮೇಲೆ ಲಾಟ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು, ವರ್ಷ. ಹಳೇ ಸ್ಟಾಕ್ ಬಂದರೆ ವಾಪಸ್ ಕೊಡಿ. ನಾನು ಮೂರು ವರ್ಷ ದಾಟಿದ್ದನ್ನು ಬಳಸುವುದಿಲ್ಲ. 800 ಪರೀಕ್ಷೆ ಅಂತ ಡಬ್ಬಿ ಮೇಲೆ ಇದೆ, ಲೆಕ್ಕ ಹಾಕಿದರೆ ಒಂದಕ್ಕೆ ಐದು ರೂಪಾಯಿ. ಆದರೆ ಎಲ್ಲ ಬಾಟಲಿ ಒಟ್ಟಿಗೆ ಮುಗಿಯುವುದಿಲ್ಲ. ಹತ್ತು ಹತ್ತು ಹನಿ ಕೇಳುವ ನೈಟ್ರೇಟ್ ಮೊದಲು ಖಾಲಿ. ಪಿಎಚ್ ಬಾಟಲಿ ಅರ್ಧವೂ ಮುಗಿದಿರಲಿಲ್ಲ. ಸೂಚನೆಗಳಲ್ಲಿ ಕನ್ನಡ ಇಲ್ಲ, ಹಾಗಾಗಿ ನಾನೇ ಕನ್ನಡದಲ್ಲಿ ಬರೆದು ಡಬ್ಬಿ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮಕ್ಕಳಿಗೆ ಸಿಗಬಾರದು, ಕೆಲವು ಬಾಟಲಿಯಲ್ಲಿ ಆಸಿಡ್ ಇದೆ. ಬಾಟಲಿ ಮುಚ್ಚಳ ಸುಲಭವಾಗಿ ತಿರುಗದ ಹಾಗೆ ಮಾಡಿದ್ದಾರೆ, ಆದರೂ ನಾನು ದಾರದ ಬೀರುವಿನ ಮೇಲಿನ ಅರೆಯಲ್ಲೇ ಇಡುತ್ತೇನೆ. ಪರೀಕ್ಷೆ ಮಾಡಿದ ನೀರನ್ನು ಟ್ಯಾಂಕಿಗೆ ವಾಪಸ್ ಸುರಿಯಬೇಡಿ. ಟ್ಯೂಬು ಆಗಲೇ ತೊಳೆದಿಡಿ. ಒಣಗಿದರೆ ಕಲೆ ಕೂರುತ್ತದೆ, ಮುಂದಿನ ಸಲ ಬಣ್ಣ ಸುಳ್ಳು ಹೇಳುತ್ತದೆ.

ನಮ್ಮ ಬೀದಿಯಲ್ಲಿ ಈಗ ಈ ಕಿಟ್ ನನ್ನೊಬ್ಬಳದೇ ಆಗಿ ಉಳಿದಿಲ್ಲ. ಪಕ್ಕದ ಬೇಕರಿಯವರ ಮಗ ಮೊನ್ನೆ ಜಾಮ್ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದ. ಹೊಸದಾಗಿ ಎರಡು ಗೋಲ್ಡ್‌ಫಿಶ್ ತಂದಿದ್ದಾನೆ, ಎರಡೂ ತಳದಲ್ಲಿ ಕೂತಿವೆಯಂತೆ. ಇಬ್ಬರೂ ಬಾಗಿಲಲ್ಲಿ ನಿಂತು ಐದು ನಿಮಿಷ ಕಾದೆವು. ಹಸಿರು ಬಂತು. ಕಾರ್ಡನ್ನು ಅವನ ಕೈಗೇ ಕೊಟ್ಟೆ. ಅವನೇ ಹಿಡಿದು ನೋಡಿ "ಎರಡು ಅಲ್ವಾ ಆಂಟಿ?" ಅಂದ. ಎರಡೇ. ಸ್ಪಂಜ್ ಮುಟ್ಟಬೇಡ, ಇವತ್ತು ಅರ್ಧ ನೀರು ಬದಲಿಸು, ಆಂಟಿ ಕ್ಲೋರಿನ್ ಹಾಕಿಯೇ ಸುರಿ, ಎರಡು ದಿನ ಊಟ ಹಾಕಬೇಡ ಅಂತ ಹೇಳಿದ್ದೇನೆ. ನನ್ನ ಫಿಲ್ಟರಿನಿಂದ ಒಂದು ತುಂಡು ಹಳೇ ಸ್ಪಂಜ್ ಕತ್ತರಿಸಿ, ಟ್ಯಾಂಕಿನ ನೀರಲ್ಲೇ ಅದ್ದಿ, ಕವರಿನಲ್ಲಿ ಹಾಕಿ ಕೊಟ್ಟೆ. ಬುಧವಾರ ಮತ್ತೆ ಬಾಟಲಿ ತರುತ್ತಾನೆ.